ಸ್ಮಾರಕದ ಅಂದ, ನಾಗರಿಕನ ಹಕ್ಕು

ಬರ್ಲಿನ್ನಿನ ಕ್ರಾಯ್ಟ್ಸ್‌ಬರ್ಗ್ ಗುಡ್ಡದ ಮೇಲೆ, ನೆಪೋಲಿಯನ್ ವಿರುದ್ಧದ ಯುದ್ಧಗಳ ನೆನಪಿಗೆ 1821ರಲ್ಲಿ ನಿಲ್ಲಿಸಿದ ಸ್ಮಾರಕವೊಂದಿದೆ. ಅದರ ನೋಟಕ್ಕೆ ಅಡ್ಡಿಯಾಗಬಾರದೆಂದು 1879ರಲ್ಲಿ ಪೊಲೀಸರು ಸುತ್ತಲಿನ ಕಟ್ಟಡಗಳ ಎತ್ತರಕ್ಕೆ ಮಿತಿ ಹಾಕಿದರು. ಆಗ ಅಲ್ಲಿ ಕಟ್ಟಡ ಪರವಾನಗಿಯೂ ಪೊಲೀಸರ ಕೈಯಲ್ಲೇ ಇತ್ತು. ಪರವಾನಗಿ ಸಿಗದ ನಿವೇಶನದಾರನೊಬ್ಬ ನ್ಯಾಯಾಲಯದ ಮೆಟ್ಟಿಲೇರಿದ. ಪ್ರಷ್ಯದ ಉನ್ನತ ಆಡಳಿತ ನ್ಯಾಯಾಲಯ 1882ರ ಜೂನ್ 14ರಂದು ಅವನ ಪರ ತೀರ್ಪಿತ್ತಿತು. ಪೊಲೀಸರ ಕೆಲಸ ಅಪಾಯ ತಡೆಯುವುದು. ಅಂದ ಕಾಯುವ ಅಧಿಕಾರವನ್ನು ಕಾನೂನು ಅವರಿಗೆ ಕೊಟ್ಟಿಲ್ಲ ಎಂಬುದು ಅದರ ಸಾರ.

ಸರ್ಕಾರದ ಎದುರು ನಿಂತ ಒಂಟಿ ನಾಗರಿಕನ ಬಳಿ ಕಡತವಿಲ್ಲ, ಅಧಿಕಾರವೂ ಇಲ್ಲ. ಈ ಅಸಮಾನತೆಯನ್ನು ಸರಿದೂಗಿಸುವುದೇ ಆಡಳಿತ ನ್ಯಾಯವಿಧಾನದ ಗುರಿ. ಸಾರ್ವಜನಿಕ ಅಧಿಕಾರದಿಂದ ಹಕ್ಕಿಗೆ ಚ್ಯುತಿ ಬಂದವರಿಗೆ ನ್ಯಾಯಾಲಯದ ಬಾಗಿಲು ತೆರೆದಿರಬೇಕು ಎನ್ನುತ್ತದೆ ಜರ್ಮನಿಯ 1949ರ ಸಂವಿಧಾನದ 19ನೇ ವಿಧಿ. ಅಲ್ಲಿನ 1960ರ ಕಾಯಿದೆಯಂತೆ ಸತ್ಯಾಂಶಗಳನ್ನು ನ್ಯಾಯಾಲಯವೇ ಶೋಧಿಸಬೇಕು. ಇಲಾಖೆ ಕಡತ ಒಪ್ಪಿಸಬೇಕು. ದಾವೆ ಹೂಡಿದರೆ, ತೆರಿಗೆಯಂಥ ಕೆಲವನ್ನು ಬಿಟ್ಟು, ಆದೇಶದ ಜಾರಿ ತಾನಾಗಿ ನಿಲ್ಲುತ್ತದೆ.

ನಮ್ಮಲ್ಲಿ 226ನೇ ವಿಧಿಯಡಿ ಹೈಕೋರ್ಟಿಗೆ ಹೋದವರು ತಡೆಯಾಜ್ಞೆಯನ್ನು ಕೇಳಿಯೇ ಪಡೆಯಬೇಕು. ಮನೆ ಕೆಡವಿದ ಮೇಲೆ ಮೊಕದ್ದಮೆ ಗೆದ್ದು ಫಲವೇನು?