ಕಾಲು ಹಾರ್ಮೋನಿಯಂನಿಂದ ಕೀಬೋರ್ಡಿಗೆ: ನಾಟಕದ ರಸಿಕರ ತಕರಾರು ಏನು?

ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳ ಕಾಲ ಆರಂಭವಾಗುತ್ತದೆ. ಜಾತ್ರೆಗೋ ಹಬ್ಬಕ್ಕೋ ಹೊಂದಿಸಿಕೊಂಡು ರಾತ್ರಿ ಪರದೆ ಏಳುವ 'ಕುರುಕ್ಷೇತ್ರ' ಬೆಳಗಿನ ಜಾವಕ್ಕೆ ಮುಗಿಯುತ್ತದೆ. ಅದರ ಕುರಿತ ಚರ್ಚೆ ಮಾತ್ರ ಮುಗಿಯುವುದಿಲ್ಲ. ಮರುದಿನ ಅರಳೀಕಟ್ಟೆಯ ಮೇಲೆ, ಟೀ ಅಂಗಡಿಯ ಮುಂದೆ ಅದು ಮುಂದುವರಿಯುತ್ತದೆ. ದುರ್ಯೋಧನನ ಪಾತ್ರಧಾರಿ ಹೇಗೆ ಮಾಡಿದ ಎಂಬ ಪ್ರಶ್ನೆಗಿಂತ ಹೇಗೆ ಹಾಡಿದ ಎಂಬ ಪ್ರಶ್ನೆಯೇ ಅಲ್ಲಿ ಮುಖ್ಯವಾಗುವುದುಂಟು. ಇತ್ತೀಚಿನ ದಶಕಗಳಲ್ಲಿ ಈ ಚರ್ಚೆಗೆ ಹೊಸದೊಂದು ವಿಷಯ ಸೇರಿಕೊಂಡಿದೆ. ಅದು ರಂಗಗೀತೆಗಳ ಬದಲಾದ ಶೈಲಿ.

ಹಳೆಯ ರಸಿಕರ ಆಕ್ಷೇಪ ಸ್ಪಷ್ಟವಾಗಿದೆ. ಕಾಲು ಹಾರ್ಮೋನಿಯಂ ಇದ್ದ ಜಾಗಕ್ಕೆ ಕೀಬೋರ್ಡ್ ಬಂದಿದೆ, ತಬಲದ ಜತೆಗೆ ರಿದಂ ಪ್ಯಾಡ್ ಸೇರಿದೆ, ರಾಗದ ಮಟ್ಟುಗಳಿಗೆ ಬದಲಾಗಿ ಸಿನಿಮಾ ಧಾಟಿಗಳು ನುಸುಳಿವೆ, ಇದು ನಾಟಕವಲ್ಲ, ಆರ್ಕೆಸ್ಟ್ರಾ ಎಂಬುದು ಅವರ ವಾದ. ಹೊಸ ತಲೆಮಾರಿನವರದು ಬೇರೆಯೇ ಲೆಕ್ಕ. ಒಂದೇ ಪದ್ಯವನ್ನು ಹತ್ತು ನಿಮಿಷ ಎಳೆದರೆ ಯುವಕರು ಎದ್ದು ಹೋಗುತ್ತಾರೆ, ಜನ ಕುಳಿತಿದ್ದರೆ ತಾನೇ ನಾಟಕ ಎನ್ನುತ್ತಾರೆ ಅವರು.

ಪರಂಪರೆ ಎಷ್ಟು ಹಳೆಯದು?

ಈಗ ಪರಂಪರೆ ಎಂದು ಕರೆಯಲಾಗುತ್ತಿರುವ ಈ ಸಂಗೀತವೂ ಒಂದು ಕಾಲದಲ್ಲಿ ಹೊಸದಾಗಿಯೇ ಬಂದದ್ದು ಎಂಬುದನ್ನು ಇಲ್ಲಿ ಗಮನಿಸಬೇಕು. ಬಯಲುಸೀಮೆಯ ಈ ಭಾಗದಲ್ಲಿ ಅದಕ್ಕೂ ಹಿಂದಿನಿಂದ ಇದ್ದದ್ದು ಮೂಡಲಪಾಯ ಯಕ್ಷಗಾನ. ಭಾಗವತರ ಹಾಡಿಕೆ, ಮದ್ದಳೆ, ತಾಳ, ಮುಖವೀಣೆ ಅದರ ಹಿಮ್ಮೇಳ. 1880ರಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರ 'ಶಾಕುಂತಲ'ದೊಂದಿಗೆ ಮರಾಠಿ ಸಂಗೀತ ನಾಟಕ ಹೊಸ ರೂಪ ಪಡೆಯಿತು. ಅದರ ಪ್ರಭಾವ ಕನ್ನಡದ ಕಂಪನಿಗಳ ಮೇಲೂ ಆಯಿತು. 1884ರಲ್ಲಿ ಇದೇ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ರಾಜ್ಯದಾಚೆಗೂ ಹೆಸರಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ. ಆ ಕಂಪನಿಯ 'ಕುರುಕ್ಷೇತ್ರ' ಆನೆ, ಕುದುರೆಗಳನ್ನು ರಂಗದ ಮೇಲೆ ತಂದು ಮನೆಮಾತಾಗಿತ್ತು. ಕಂಪನಿಗಳ ಕಾಲ ಮುಗಿದರೂ ಅವುಗಳ ಹಾಡು, ಪದ್ಯ, ವೇಷ, ಪರದೆಗಳು ಹಳ್ಳಿಗಳಲ್ಲಿ ಉಳಿದವು.

ಹಾರ್ಮೋನಿಯಂ ಕೂಡ ಈ ನೆಲದ ವಾದ್ಯವಲ್ಲ. ಯೂರೋಪಿನಲ್ಲಿ ಹುಟ್ಟಿದ ಈ ವಾದ್ಯಕ್ಕೆ 1842ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆಯಲಾಯಿತು. ಅದರ ಮನೆಗಳು ಸ್ಥಿರವಾದವು, ಗಮಕ ನುಡಿಸಲು ಬಾರದು ಎಂಬ ಕಾರಣಕ್ಕೆ ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತ್ತು. ಆ ನಿಷೇಧ ಸಡಿಲಗೊಳ್ಳಲು ಸುಮಾರು ಮೂರು ದಶಕಗಳು ಬೇಕಾದವು. ಸಂಗೀತ ಪಂಡಿತರು ಅಂದು ಹಾರ್ಮೋನಿಯಂ ಮೇಲೆ ಹೊರಿಸಿದ ಆರೋಪವನ್ನೇ ಇಂದು ಹಾರ್ಮೋನಿಯಂ ಪ್ರಿಯರು ಕೀಬೋರ್ಡಿನ ಮೇಲೆ ಹೊರಿಸುತ್ತಿರುವುದು ವಿಪರ್ಯಾಸ. ಎರಡರಲ್ಲೂ ಇರುವುದು ಸ್ಥಾಯಿಗೆ ಅದೇ ಹನ್ನೆರಡು ಮನೆ. ಮಟ್ಟು ಎರವಲು ಪಡೆಯುವುದೂ ಹೊಸತಲ್ಲ. ಕಂಪನಿಗಳು ಮರಾಠಿ ರಂಗಗೀತೆಗಳ ಧಾಟಿಯನ್ನು ಧಾರಾಳವಾಗಿ ಬಳಸಿಕೊಂಡಿದ್ದವು.

ಹಾಗಾದರೆ ಹಿರಿಯರ ತಕರಾರು ಕೇವಲ ಹಳೆಯದರ ಮೋಹವೇ? ಹಾಗೆ ತಳ್ಳಿಹಾಕುವಂತಿಲ್ಲ.

ಯಾರು ಯಾರನ್ನು ಹಿಂಬಾಲಿಸಬೇಕು?

ಈ ನಾಟಕಗಳ ಪಾತ್ರಧಾರಿಗಳು ವೃತ್ತಿ ಕಲಾವಿದರಲ್ಲ. ಕಡಲೆಕಾಯಿ, ರಾಗಿ ಬೆಳೆಯುವ ರೈತರು, ಶಾಲಾ ಶಿಕ್ಷಕರು, ಅಂಗಡಿ ಇಟ್ಟುಕೊಂಡವರು. ತಮ್ಮ ಪಾತ್ರಕ್ಕೆ ತಾವೇ ಹಣ ಕೊಟ್ಟು, ಸ್ತ್ರೀಪಾತ್ರಗಳಿಗೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದು ವಾಡಿಕೆ. ಇವರಿಗೆ ಮಾತು, ಪದ್ಯ, ರಾಗ ಎಲ್ಲವನ್ನೂ ಕಲಿಸುವವರು ಹಾರ್ಮೋನಿಯಂ ಮೇಷ್ಟ್ರು. ರಾತ್ರಿ ಊಟವಾದ ಮೇಲೆ ನಡೆಯುವ ಅಭ್ಯಾಸ ತಿಂಗಳುಗಟ್ಟಲೆ ಸಾಗುತ್ತದೆ. ಸ್ವರ ಓದಲು ಬಾರದವರೂ ಭೀಮ್‌ಪಲಾಸ್, ಕಾಪಿ, ಮೋಹನಗಳನ್ನು ಕಿವಿಯಿಂದಲೇ ಕಲಿಯುತ್ತಾರೆ.

ಕಂದ, ವೃತ್ತಗಳನ್ನು ಹಾಡುವಾಗ ತಾಳದ ಕಟ್ಟು ಇರುವುದಿಲ್ಲ. ನಟ ಒಂದು ಸಾಲು ಎತ್ತಿ, ಉಸಿರಿರುವಷ್ಟು ಎಳೆದು ನಿಲ್ಲಿಸುತ್ತಾನೆ. ಮೇಷ್ಟ್ರು ಅದನ್ನೇ ಹಾರ್ಮೋನಿಯಂನಲ್ಲಿ ಮರುನುಡಿಸಿ ಮುಂದಿನ ಸಾಲಿಗೆ ದಾರಿ ಮಾಡಿಕೊಡುತ್ತಾರೆ. ನಟ ಸ್ವರ ತಪ್ಪಿದರೆ ಮೆಲ್ಲನೆ ಎಳೆದು ತರುತ್ತಾರೆ, ಸಾಲು ಮರೆತರೆ ನೆನಪಾಗುವವರೆಗೆ ನುಡಿಸಿ ಕಾಪಾಡುತ್ತಾರೆ. ಗಾಳಿಯ ತಿದಿಯನ್ನು ಕಾಲಿನಿಂದ ಒತ್ತುವ ಕಾರಣ ಅವರ ಎರಡೂ ಕೈಗಳು ಮನೆಗಳ ಮೇಲೆಯೇ ಇರುತ್ತವೆ. ಇಲ್ಲಿ ವಾದ್ಯ ನಟನನ್ನು ಹಿಂಬಾಲಿಸುತ್ತದೆ. ಕೀಬೋರ್ಡನ್ನು ಇದೇ ರೀತಿ ನುಡಿಸಿದರೆ ಯಾವ ತೊಂದರೆಯೂ ಇಲ್ಲ. ಆದರೆ ಮೊದಲೇ ಸಿದ್ಧಪಡಿಸಿದ ಲಯದ ಗುಂಡಿ ಒತ್ತಿದರೆ ಅದು ಯಾರಿಗಾಗಿಯೂ ನಿಲ್ಲುವುದಿಲ್ಲ. ಆಗ ನಟನೇ ಯಂತ್ರದ ಹಿಂದೆ ಓಡಬೇಕು. ಓಡಲಾಗದವನು ಪದ್ಯವನ್ನು ಕೈಬಿಟ್ಟು, ಎಲ್ಲರಿಗೂ ಗೊತ್ತಿರುವ ಸಿನಿಮಾ ಧಾಟಿಗೆ ಮೊರೆಹೋಗುತ್ತಾನೆ. ಹಿರಿಯ ರಸಿಕರು ವಾದ್ಯದ ಹೆಸರು ಹಿಡಿದು ಬೈದರೂ ಅವರ ನಿಜವಾದ ಅಳಲು ಇದೇ ಆಗಿದೆ.

ಪಾವಗಡದ ಕಡೆ ಈ ಕಿವಿ ಇನ್ನೂ ಸೂಕ್ಷ್ಮ. ಆಂಧ್ರಪ್ರದೇಶದ ಗಡಿಗೆ ಅಂಟಿಕೊಂಡಿರುವ ಈ ತಾಲ್ಲೂಕಿನಲ್ಲಿ ತೆಲುಗು ಮಾತು ಸಾಮಾನ್ಯ. ತಿರುಪತಿ ವೆಂಕಟ ಕವಿಗಳ ಪಾಂಡವರ ನಾಟಕಗಳಿಂದ ಜನಜನಿತವಾದ ತೆಲುಗು ಪದ್ಯನಾಟಕದಲ್ಲಿ ಪದ್ಯದ ಕೊನೆಯ ರಾಗವಿಸ್ತಾರಕ್ಕೇ ಪ್ರೇಕ್ಷಕರು 'ಒನ್ಸ್ ಮೋರ್' ಕೂಗುತ್ತಾರೆ. ಅಂಥ ಹಾಡಿಕೆಯ ರುಚಿ ಕಂಡವರಿಗೆ ಅವಸರದ ಪದ್ಯ ಸಪ್ಪೆ ಎನಿಸಿದರೆ ಅಚ್ಚರಿಯಿಲ್ಲ.

ಎಲ್ಲೆಡೆಯ ಜಗಳ

ಅಭಿಮಾನಿಗಳ ಇಂಥ ಜಗಳ ಹಳ್ಳಿಗಷ್ಟೇ ಸೀಮಿತವಲ್ಲ. ಗಿಟಾರಿನ ವೇಗ, ಎತ್ತರದ ಕಂಠಕ್ಕೆ ಹೆಸರಾದ ಪವರ್ ಮೆಟಲ್ ಸಂಗೀತಕ್ಕೆ 1987 ಮತ್ತು 1988ರ ಎರಡು ಆಲ್ಬಂಗಳಿಂದ ಬುನಾದಿ ಹಾಕಿದ ಜರ್ಮನಿಯ ಹೆಲೋವೀನ್ ತಂಡ 1993ರಲ್ಲಿ 'ಕಮೀಲಿಯನ್' ಎಂಬ ಆಲ್ಬಂ ಮೂಲಕ ಬೇರೆ ಹಾದಿ ಹಿಡಿದಾಗ ಅಭಿಮಾನಿಗಳು ಮುನಿಸಿಕೊಂಡರು. ಅದೇ ವರ್ಷ ಗಾಯಕ ಮೈಕೆಲ್ ಕಿಸ್ಕೆ ತಂಡದಿಂದ ಹೊರಬಿದ್ದರು. ಎರಡು ದಶಕಗಳ ನಂತರ ಅವರು ಮರಳಿದಾಗ ಅದೇ ಅಭಿಮಾನಿಗಳು ಸಂಭ್ರಮಿಸಿದರು. ಧ್ವನಿಮುದ್ರಣಗಳಿದ್ದ ಕಾರಣ ಹಳೆಯ ಶೈಲಿ ಅಷ್ಟು ವರ್ಷ ಕಳೆದರೂ ಕೈಗೆ ಸಿಗುವಂತಿತ್ತು.

ಹಳ್ಳಿಯ ರಂಗಗೀತೆಗೆ ಆ ಭಾಗ್ಯವಿಲ್ಲ. ಅದರ ಬಹುಪಾಲು ಇರುವುದು ಹಿರಿಯ ಮೇಷ್ಟ್ರುಗಳ ನೆನಪಿನಲ್ಲಿ. ಬಾಲ್ಯದಲ್ಲಿ ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರು (1929–2002) ಮುಂದೆ ಆಧುನಿಕ ರಂಗಸಂಗೀತವನ್ನೇ ಬದಲಿಸಿದರು. ಸಿಕ್ಕ ವಸ್ತುಗಳಿಂದಲೂ ನಾದ ಹೊರಡಿಸಿದರು. ಅದನ್ನು ಜನ ಒಪ್ಪಿದರು. ಹಳೆಯದನ್ನು ಕಲಿತು ಬದಲಿಸುವುದಕ್ಕೂ, ಕಲಿಯದೆ ಬಿಟ್ಟುಬಿಡುವುದಕ್ಕೂ ಇರುವ ವ್ಯತ್ಯಾಸವನ್ನು ರಸಿಕರು ಬಲ್ಲರು.

ಆದ್ದರಿಂದ ಕೀಬೋರ್ಡ್ ಬೇಕೇ ಬೇಡವೇ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆಯಲ್ಲ. ತಿಂಗಳುಗಟ್ಟಲೆ ಕುಳಿತು ಪದ್ಯ ಕಲಿಸುವ ಮೇಷ್ಟ್ರಿಗೆ ಸಲ್ಲಬೇಕಾದ ಸಂಭಾವನೆ ಸಿಗುತ್ತಿದೆಯೇ, ಅವರ ಬಳಿ ಕುಳಿತು ಕಲಿಯುವ ಮುಂದಿನ ಮೇಷ್ಟ್ರು ಯಾರು ಎಂಬುದು ಮುಖ್ಯ. ಇದಕ್ಕೆ ಉತ್ತರ ಸಿಕ್ಕರೆ ಕಾಲು ಹಾರ್ಮೋನಿಯಂ ಹೋಗಿ ಕೀಬೋರ್ಡ್ ಬಂದರೂ ಪದ್ಯ ಉಳಿಯುತ್ತದೆ. ಸಿಗದಿದ್ದರೆ ಹಾರ್ಮೋನಿಯಂ ರಂಗದ ಮುಂದೆಯೇ ಇದ್ದರೂ ಅದನ್ನು ನುಡಿಸುವ ಕೈ ಇರುವುದಿಲ್ಲ.