ಒಂದೇ ಗುಡ್ಡದಲ್ಲಿ ಕೊಂಡುಕುರಿ, ಕುರಿಮಂದೆ

ಕೊಂಡುಕುರಿ ಭಾರತ ಮತ್ತು ನೇಪಾಳದಲ್ಲಿ ಮಾತ್ರ ಇರುವ ಪುಟ್ಟ ಹುಲ್ಲೆ. ಭುಜದ ಎತ್ತರ ಸುಮಾರು ಎರಡಡಿ, ತೂಕ 20 ಕೆ.ಜಿ. ಆಸುಪಾಸು. ಗಂಡಿಗೆ ನಾಲ್ಕು ಕೊಂಬು: ಕಿವಿಗಳ ನಡುವಿನ ಜೋಡಿ 8ರಿಂದ 12 ಸೆಂ.ಮೀ. ಬೆಳೆಯುತ್ತದೆ, ಹಣೆಯ ಮೇಲಿನ ಜೋಡಿ 2ರಿಂದ 5 ಸೆಂ.ಮೀ.ಗೆ ನಿಲ್ಲುತ್ತದೆ. ದಕ್ಷಿಣದ ಕೆಲವು ಗಂಡುಗಳಲ್ಲಿ ಮುಂದಿನ ಕೊಂಬು ಬರೀ ಗುಬುಟಾಗಿ ಉಳಿಯುವುದೂ ಉಂಟು. ಹೆಣ್ಣಿಗೆ ಕೊಂಬಿಲ್ಲ. ಹುಲ್ಲೆಗಳಲ್ಲಿ ನಾಲ್ಕು ಕೊಂಬಿನದು ಇದೊಂದೇ.

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ಈ ಪ್ರಾಣಿಗೆಂದೇ ಒಂದು ಕಾಡಿದೆ. ರಂಗಯ್ಯನದುರ್ಗದ ಸುಮಾರು 77 ಚದರ ಕಿ.ಮೀ. ಅರಣ್ಯವನ್ನು 2011ರಲ್ಲಿ ಕೊಂಡುಕುರಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಇದು ದಟ್ಟ ಕಾನನವಲ್ಲ. ಎಲೆ ಉದುರಿಸುವ ಮರಗಳು, ಮುಳ್ಳುಪೊದೆ, ಬಾದೆಹುಲ್ಲಿನ ಕುರುಚಲು ಗುಡ್ಡ. ಸುತ್ತಲೂ ಮಳೆಯನ್ನೇ ನಂಬಿದ ಹೊಲಗಳು. ಬಿಳಿಚೋಡು, ಸೊಕ್ಕೆ, ಜಗಳೂರು ಕಸಬಾ ಹೋಬಳಿಗಳ ರೈತರು ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಬೆಳೆಯುತ್ತಾರೆ. ಮಳೆ ಕೈಕೊಟ್ಟ ವರ್ಷ ಮನೆ ನಡೆಸುವುದು ಕುರಿ, ಮೇಕೆ. ಹೀಗಾಗಿ ಕಾಡುಪ್ರಾಣಿಯೂ ಸಾಕುಪ್ರಾಣಿಯೂ ಇಲ್ಲಿ ಒಂದೇ ಗುಡ್ಡವನ್ನು ಹಂಚಿಕೊಂಡಿವೆ.

ಕೊಂಡುಕುರಿ ಹಿಂಡು ಕಟ್ಟುವುದಿಲ್ಲ. ಒಂಟಿಯಾಗಿ, ಹೆಚ್ಚೆಂದರೆ ಜೋಡಿಯಾಗಿ ಇಲ್ಲವೇ ಮರಿಯ ಜೊತೆ ಇರುತ್ತದೆ. ಅಪಾಯದ ಸುಳಿವು ಸಿಕ್ಕಿದೊಡನೆ ಓಡದೆ ಹುಲ್ಲಿನಲ್ಲಿ ಅಲ್ಲಾಡದೆ ನಿಲ್ಲುತ್ತದೆ. ತೀರಾ ಹತ್ತಿರವಾದಾಗ ಮಾತ್ರ ನೆಗೆದು ಮಾಯವಾಗುತ್ತದೆ. ಆದ್ದರಿಂದ ಕಣ್ಣಿಗೆ ಬೀಳುವುದು ಅಪರೂಪ. ಇದರ ಇರುವನ್ನು ಹೇಳುವುದು ಹಿಕ್ಕೆ. ಕೊಂಡುಕುರಿ ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಹಳೆಯದು ಒಣಗಿ ಬಿಳಿಚಿದ ಮೇಲೆ ಹೊಸದು ಬಿದ್ದು ಗುಡ್ಡೆಯಾಗುತ್ತದೆ. ಸಮೀಕ್ಷೆ ಮಾಡುವವರು ಇಂಥ ಗುಡ್ಡೆಗಳನ್ನೂ ಕ್ಯಾಮೆರಾ ಟ್ರ್ಯಾಪ್ ಚಿತ್ರಗಳನ್ನೂ ಆಧಾರವಾಗಿ ಹಿಡಿಯುತ್ತಾರೆ.

ಎಳೆ ಚಿಗುರು, ಸೊಪ್ಪು, ಹೂವು, ಉದುರಿದ ನೆಲ್ಲಿ ಮತ್ತು ಬಾರೆಹಣ್ಣು ಇದರ ಮೇವು. ನೀರು ಕುಡಿಯದೆ ಬಹಳ ದಿನ ಇರಲಾರದು. ನೀರಿನ ನೆಲೆಯಿಂದ ದೂರ ಹೋಗುವುದೂ ಕಡಿಮೆ. ಸುಮಾರು ಎಂಟು ತಿಂಗಳು ಗಬ್ಬ ಹೊತ್ತು ಒಂದೋ ಎರಡೋ ಮರಿ ಹಾಕುತ್ತದೆ. ಹುಟ್ಟಿದ ಮರಿ ಕೆಲವು ವಾರ ಹುಲ್ಲಿನಲ್ಲೇ ಅಡಗಿರುತ್ತದೆ.

ಸಾಕುಪ್ರಾಣಿಗಳೊಂದಿಗಿನ ಪೈಪೋಟಿ ಶುರುವಾಗುವುದು ಇಲ್ಲಿಂದಲೇ. ಕುರಿ ಹೆಚ್ಚಾಗಿ ಹುಲ್ಲು ಮೇಯುತ್ತದೆ. ಮೇಕೆಗೆ ಬೇಕಾದದ್ದು ಕೊಂಡುಕುರಿ ತಿನ್ನುವ ಸೊಪ್ಪು, ಕಾಯಿಯೇ. ಬೇಸಿಗೆಯಲ್ಲಿ ಕೊಂಬೆ ಸವರಿ ಮಂದೆಗೆ ಹಾಕಿದರೆ ಮುಂದಿನ ಚಿಗುರೂ ಹಣ್ಣೂ ಒಟ್ಟಿಗೇ ಹೋಗುತ್ತವೆ. ಹೊಸ ಹುಲ್ಲು ಬರಲೆಂದು ಬಾದೆಗೆ ಬೆಂಕಿ ಇಟ್ಟರೆ ಮರಿ ಅಡಗುವ ಮರೆಯೇ ಸುಟ್ಟುಹೋಗುತ್ತದೆ. ಕಟ್ಟೆಯಲ್ಲಿ ಉಳಿದ ನೀರಿಗೆ ಹಗಲಿಡೀ ಮಂದೆ ಇಳಿಯುತ್ತಿದ್ದರೆ ಈ ಅಂಜುಬುರುಕ ಪ್ರಾಣಿ ಹತ್ತಿರ ಸುಳಿಯುವುದಿಲ್ಲ. ಮಂದೆಯ ಜೊತೆ ಬರುವ ನಾಯಿ, ಊರಿನ ಬೀದಿನಾಯಿ ಮರಿಗಳನ್ನು ಹಿಡಿಯುತ್ತವೆ.

ಮೇವಿಗಿಂತ ದೊಡ್ಡ ಆತಂಕ ರೋಗದ್ದು. ಕುರಿ–ಮೇಕೆಗಳ ಹಿರೇಬೇನೆ, ಅಂದರೆ ಪಿಪಿಆರ್, ವೈರಸ್‌ನಿಂದ ಬರುವ ರೋಗ. ಜ್ವರ, ಮೂಗಿನ ಸೋರಿಕೆ, ಬಾಯಿಹುಣ್ಣು, ಭೇದಿ ಅದರ ಲಕ್ಷಣ. ಇದು ಕೊಂಡುಕುರಿಗೂ ತಗಲಬಲ್ಲದು. 2016ರ ಕೊನೆಯಲ್ಲಿ ಮಂಗೋಲಿಯಾದಲ್ಲಿ ಸಾಕಿದ ಮಂದೆಗಳಿಂದ ಹಬ್ಬಿದ ಇದೇ ರೋಗ ಸಾವಿರಗಟ್ಟಲೆ ಸೈಗಾ ಹುಲ್ಲೆಗಳನ್ನು ಕೊಂದಿತು. ಹಿರೇಬೇನೆಗೆ ಪರಿಣಾಮಕಾರಿ ಲಸಿಕೆ ಇದೆ. 2030ರೊಳಗೆ ರೋಗವನ್ನು ಜಗತ್ತಿನಿಂದಲೇ ಇಲ್ಲವಾಗಿಸುವ ಗುರಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಕಿಕೊಂಡಿದೆ.

ಮೇವಿನ ಪೈಪೋಟಿಯ ವಾದ ಆಸ್ಟ್ರೇಲಿಯಾದಲ್ಲಿ ತಿರುವುಮುರುವಾಗಿದೆ. ಅಲ್ಲಿ ದೂರು ಇರುವುದು ಕಾಂಗರೂ ಮೇಲೆ. ಕುರಿ, ದನಗಳಿಗೆಂದು ಒಣನಾಡಿನ ಉದ್ದಗಲಕ್ಕೂ ತೋಡಿದ ನೀರಿನ ನೆಲೆಗಳು ಕಾಂಗರೂಗೂ ಒದಗಿದವು. ಕುರಿ ತಿನ್ನುವ ಡಿಂಗೊ ನಾಯಿಗಳನ್ನು ತಡೆಯಲು ಸುಮಾರು 5,600 ಕಿ.ಮೀ. ಬೇಲಿ ಹಾಕಿದ್ದರಿಂದ ಕಾಂಗರೂವಿನ ಶತ್ರುವೂ ದೂರವಾಯಿತು. ಒಂದು ಮರಿ ಚೀಲದಲ್ಲಿರುವಾಗಲೇ ಮುಂದಿನ ಭ್ರೂಣವನ್ನು ಬೆಳೆಯದಂತೆ ತಡೆದಿಟ್ಟುಕೊಳ್ಳುವ ಶಕ್ತಿ ತಾಯಿ ಕಾಂಗರೂಗಿದೆ. ಮಳೆಯಾದ ವರ್ಷಗಳಲ್ಲಿ ಸಂಖ್ಯೆ ಸರ್ರನೆ ಏರುತ್ತದೆ, ಬರ ಬಂದರೆ ಕುಸಿಯುತ್ತದೆ. ಅಲ್ಲಿನ ರಾಜ್ಯಗಳು ವಿಮಾನದಿಂದ ಎಣಿಕೆ ಮಾಡಿ, ಅಂದಾಜು ಸಂಖ್ಯೆಯ ಸಾಮಾನ್ಯವಾಗಿ ಶೇ 15ರಿಂದ 20ರಷ್ಟನ್ನು ಪರವಾನಗಿ ಪಡೆದವರು ಕೊಲ್ಲಬಹುದೆಂದು ಮಿತಿ ಹಾಕುತ್ತವೆ.

ಬರದಲ್ಲಿ ಹಸಿದು ಸಾಯುವುದಕ್ಕಿಂತ ಲೆಕ್ಕವಿಟ್ಟು ಕೊಲ್ಲುವುದು ಮೇಲು ಎಂಬುದು ಪರವಾದ ವಾದ. ತಾಯಿ ಸತ್ತರೆ ಚೀಲದ ಮರಿಯನ್ನೂ ಕೊಲ್ಲಬೇಕಾಗುತ್ತದೆ, ರಾತ್ರಿಯ ಗುಂಡು ಗುರಿ ತಪ್ಪಬಹುದು ಎಂಬುದು ವಿರೋಧ. ಮೇವಿನ ಲೆಕ್ಕವೂ ಬದಲಾಗಿದೆ. ಒಂದು ಕಾಂಗರೂ ಕುರಿಯ ಹತ್ತರಲ್ಲಿ ಏಳು ಪಾಲು ತಿನ್ನುತ್ತದೆಂದು ಹಿಂದೆ ಎಣಿಸಲಾಗುತ್ತಿತ್ತು. ಕೆಂಪು ಕಾಂಗರೂವಿನ ಮೇಲೆ ನಡೆಸಿದ ಅಳತೆಗಳು ಅದನ್ನು ಅರ್ಧದ ಆಸುಪಾಸಿಗೆ ಇಳಿಸಿದವು.

ಕಾಂಗರೂವಿನ ಹಾಗೆ ಹೊಲದ ಅಂಚಿನಲ್ಲೇ ಹೆಚ್ಚಿಕೊಳ್ಳುವ ಪ್ರಾಣಿಗಳು ಕರ್ನಾಟಕದಲ್ಲೂ ಇವೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಘೋಷಿಸಿದ 119 ಚದರ ಕಿ.ಮೀ. ಧಾಮದ ಕೃಷ್ಣಮೃಗಗಳು ಹಿಂಡುಹಿಂಡಾಗಿ ಹೊಲಕ್ಕೆ ಇಳಿಯುತ್ತವೆ. ಕಾಡುಹಂದಿಯಂತೂ ನಾಲ್ಕು ತಿಂಗಳೊಳಗೆ ಗಬ್ಬ ಮುಗಿಸಿ ಒಂದೇ ಸೂಲಿಗೆ ನಾಲ್ಕಾರು ಮರಿ ಹಾಕುತ್ತದೆ. ಮೆಕ್ಕೆಜೋಳದ ಹೊಲ ಅದಕ್ಕೆ ಮೇವೂ ಹೌದು, ಮರೆಯೂ ಹೌದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಕೊಂಡುಕುರಿ, ಕೃಷ್ಣಮೃಗ ಒಂದನೆಯ ಪರಿಚ್ಛೇದದಲ್ಲಿವೆ; ಬೆಳೆಹಾನಿಯ ಕಾರಣಕ್ಕೆ ಅವನ್ನು ಕೊಲ್ಲುವಂತಿಲ್ಲ. 2023ರ ಏಪ್ರಿಲ್ 1ರಂದು ಜಾರಿಗೆ ಬಂದ ತಿದ್ದುಪಡಿಯ ನಂತರ ಕಾಡುಹಂದಿ ಎರಡನೆಯ ಪರಿಚ್ಛೇದದಲ್ಲಿದೆ. ಬೆಳೆಗೆ ಅಪಾಯವಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಅನುಮತಿ ಕೊಡಬಹುದು. ನಿರ್ದಿಷ್ಟ ಪ್ರದೇಶ, ಅವಧಿಗೆ ಅದನ್ನು ಉಪದ್ರವಕಾರಿ ಎಂದು ಸಾರುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. 2015ರಲ್ಲಿ ಬಿಹಾರದ ಹಲವು ಜಿಲ್ಲೆಗಳಲ್ಲಿ ನೀಲಗಾಯ್ ಮತ್ತು ಕಾಡುಹಂದಿಯ ವಿಷಯದಲ್ಲಿ ಹಾಗೆ ಮಾಡಲಾಗಿತ್ತು.

ಕೊಲ್ಲುವುದರಿಂದ ಉಪಯೋಗವಾಯಿತೇ ಎಂದು ಹೇಳಲು ಮೊದಲೂ ನಂತರವೂ ಎಣಿಕೆ ಬೇಕು. ಬೇಗ ಮರಿ ಹಾಕುವ ಪ್ರಾಣಿಯಲ್ಲಿ ಕೆಲವನ್ನು ಕೊಂದರೆ ಉಳಿದವು ಆ ಜಾಗ ತುಂಬುತ್ತವೆ. ವಿಧಾನವೂ ಮುಖ್ಯ. ಪರವಾನಗಿಯ ಬಂದೂಕು ಗುರಿಯನ್ನು ಆರಿಸಬಲ್ಲದು. ಹಂದಿಗೆಂದು ಹಾಕಿದ ತಂತಿಯ ಉರುಳು, ಹೊಲಕ್ಕೆ ಹರಿಸಿದ ಕರೆಂಟು ಕೊಂಡುಕುರಿಯನ್ನೂ ಮನುಷ್ಯರನ್ನೂ ಬಿಡುವುದಿಲ್ಲ. ಇವೆರಡೂ ಕಾನೂನುಬಾಹಿರ.

ರಂಗಯ್ಯನದುರ್ಗದಂಥ ಕಡೆ ಹತೋಟಿ ಬೇಕಾದದ್ದು ಕಾಡುಪ್ರಾಣಿಯ ಸಂಖ್ಯೆಗಿಂತ ಹೆಚ್ಚಾಗಿ ಮೇಯುವ ಜಾಗ ಮತ್ತು ಕಾಲಕ್ಕೆ. ಧಾಮದೊಳಗಿನ ಮೇವನ್ನು ನಿಯಂತ್ರಿಸುವ ಅಧಿಕಾರ ಕಾಯ್ದೆಯ 33ನೇ ಕಲಂನಲ್ಲಿದೆ. ಗುಡ್ಡವನ್ನು ಭಾಗ ಮಾಡಿ ಸರದಿಯಂತೆ ಮೇಯಿಸುವುದು, ಬೇಸಿಗೆಯಲ್ಲಿ ಕೆಲವು ಕಟ್ಟೆಗಳನ್ನು ಕಾಡುಪ್ರಾಣಿಗೆ ಬಿಟ್ಟು ಮಂದೆಗೆ ಊರ ಕಡೆ ತೊಟ್ಟಿ ಕಟ್ಟುವುದು, ಮೆಕ್ಕೆಜೋಳದ ಸಪ್ಪೆ, ಶೇಂಗಾ ಹೊಟ್ಟನ್ನು ಬೇಸಿಗೆಗೆ ಕೂಡಿಡುವುದು, ಬೀದಿನಾಯಿಗಳ ಸಂತಾನ ತಡೆಯುವುದು, ಬೆಳೆ ಕಳೆದುಕೊಂಡವರಿಗೆ ಪರಿಹಾರವನ್ನು ಬೇಗ ತಲುಪಿಸುವುದು ಇದಕ್ಕೆ ಪೂರಕ ಕ್ರಮಗಳು. 33ಎ ಕಲಂ ಇನ್ನೂ ಒಂದು ಹೊಣೆ ಹೊರಿಸುತ್ತದೆ: ಧಾಮದೊಳಗೆ ಹಾಗೂ ಅದರಿಂದ 5 ಕಿ.ಮೀ. ಒಳಗಿರುವ ಜಾನುವಾರುಗಳಿಗೆ ಸಾಂಕ್ರಾಮಿಕ ರೋಗಗಳ ಲಸಿಕೆ ಹಾಕಿಸಬೇಕು, ಲಸಿಕೆ ಇಲ್ಲದ ಮಂದೆಯನ್ನು ಧಾಮಕ್ಕೆ ಮೇಯಲು ಬಿಡಬಾರದು. ಹಿರೇಬೇನೆ ಲಸಿಕೆಯಿಂದ ರೊಪ್ಪದ ಕುರಿಯೂ ಉಳಿಯುತ್ತದೆ, ಗುಡ್ಡದ ಕೊಂಡುಕುರಿಗೆ ರೋಗ ದಾಟುವುದೂ ತಪ್ಪುತ್ತದೆ. ಕುರಿಗಾಹಿ ಮತ್ತು ಅರಣ್ಯ ಇಲಾಖೆ ಇಬ್ಬರಿಗೂ ಲಾಭವಿರುವ ಈ ಕ್ರಮದಿಂದಲೇ ಉಳಿದ ಮಾತುಕತೆಯನ್ನೂ ಆರಂಭಿಸಬಹುದು.