ಕಾಲಬೈಶಾಖಿಯ ಮುನ್ಸೂಚನೆ

ವೈಶಾಖದ ಅಪರಾಹ್ನ. ಬಂಗಾಳದ ಬಯಲಿನಲ್ಲಿ ಎಲೆಯೊಂದೂ ಅಲುಗದು. ಇದ್ದಕ್ಕಿದ್ದಂತೆ ವಾಯವ್ಯದಲ್ಲಿ ಕಾರ್ಮೋಡದ ಗೋಡೆ ಏಳುತ್ತದೆ. ಬಿರುಗಾಳಿ, ಸಿಡಿಲು, ಆಲಿಕಲ್ಲುಗಳು ಒಮ್ಮೆಗೇ ಎರಗುತ್ತವೆ. ಮಾರ್ಚಿಯಿಂದ ಮೇ ತಿಂಗಳವರೆಗೆ ಕಾಡುವ ಈ ಬಿರುಮಳೆಗೆ ಅಲ್ಲಿನ ಜನ ‘ಕಾಲಬೈಶಾಖಿ’ ಎನ್ನುವರು. ಹೊಲದ ರೈತನಿಗೂ ನದಿಯ ಅಂಬಿಗನಿಗೂ ಇದು ಪ್ರಾಣದ ಪ್ರಶ್ನೆ. ಇದರ ಬರವನ್ನು ಮೊದಲೇ ಅರಿಯಲಾಗದೆ?

ಒಲೆಯ ಮೇಲಿನ ಅನ್ನದ ಪಾತ್ರೆಯನ್ನು ನೆನೆಯೋಣ. ಬಂಗಾಳ ಕೊಲ್ಲಿಯಿಂದ ಬರುವ ತೇವದ ಗಾಳಿ ನೆಲದ ಬಳಿ ಹರಡುತ್ತದೆ. ಅದರ ಮೇಲೆ ಪಶ್ಚಿಮದ ಒಣ ಬಿಸಿಗಾಳಿ ಮುಚ್ಚಳದಂತೆ ಕುಳಿತಿರುತ್ತದೆ. ಬಿಸಿಲಿಗೆ ಛೋಟಾನಾಗಪುರದ ಪ್ರಸ್ಥಭೂಮಿ ಕಾದು ಮುಚ್ಚಳವು ಎಲ್ಲಿಯಾದರೂ ಸಡಿಲಿತೆಂದರೆ, ತೇವದ ಗಾಳಿ ಮೇಲಕ್ಕೆ ನುಗ್ಗುತ್ತದೆ. ಆವಿ ಹನಿಗಟ್ಟುವಾಗ ಹೊರಬೀಳುವ ಗುಪ್ತೋಷ್ಣವು ಅದರ ರಭಸವನ್ನು ಹೆಚ್ಚಿಸಿ, ಮೋಡವನ್ನು 10 ಕಿಲೋಮೀಟರಿಗಿಂತಲೂ ಎತ್ತರಕ್ಕೆ ಬೆಳೆಸುತ್ತದೆ.

ಬೆಲೂನುಗಳನ್ನು ಹಾರಿಸಿ ಮೇಲಣ ಗಾಳಿಯ ಉಷ್ಣತೆ, ತೇವಾಂಶಗಳನ್ನು ಅಳೆದರೆ, ಪಾತ್ರೆ ಕುದಿಯಲಿದೆಯೆಂದು ಹಿಂದಿನ ದಿನವೇ ಊಹಿಸಬಹುದು. ಆದರೆ ಮುಚ್ಚಳದ ಯಾವ ಅಂಚು ಮೊದಲು ಏಳುವುದೆಂದು ಯಾರು ಬಲ್ಲರು? ಆದುದರಿಂದಲೇ ಮುನ್ಸೂಚನೆಗೆ ಎರಡು ಮೆಟ್ಟಿಲುಗಳು. ಭಾರತದ ಹವಾಮಾನ ಇಲಾಖೆಯು ಮೊದಲು ವಿಶಾಲ ಪ್ರದೇಶವೊಂದಕ್ಕೆ ಎಚ್ಚರಿಕೆ ಕೊಡುತ್ತದೆ. ಮೋಡ ಹುಟ್ಟಿದ ಮೇಲೆ, ಡಾಪ್ಲರ್ ರೇಡಾರಿನಲ್ಲಿ ಅದರ ಜಾಡು ಹಿಡಿದು, ಮುಂದಿನ 3 ಗಂಟೆಗಳಿಗೆ ಜಿಲ್ಲಾವಾರು ಸೂಚನೆ ನೀಡುತ್ತದೆ.

ಮೊದಲನೆಯ ಎಚ್ಚರಿಕೆ ಬಂದ ದಿನ ನಮ್ಮೂರಿನಲ್ಲಿ ಹನಿಯೂ ಬೀಳದಿರಬಹುದು. ಅದರಿಂದ ಶಾಸ್ತ್ರ ಸುಳ್ಳಾಗದು, ಬಿರುಗಾಳಿ ನೆರೆಯೂರಿಗೆ ಎರಗಿದ್ದೀತು. ಎರಡನೆಯದು ಬಂದಾಗಲಂತೂ ವಾದಕ್ಕೆ ವೇಳೆಯಿಲ್ಲ. ದೋಣಿಯನ್ನು ದಡಕ್ಕೆ ತಂದು, ಮರದಡಿಯಲ್ಲಿ ನಿಲ್ಲದೆ, ಭದ್ರವಾದ ಮನೆಯನ್ನು ಸೇರುವುದೇ ವಿವೇಕ.